ನೂರು ರೂಪಾಯಿಯೊಳಗೆ ಮುಂಬಯಿಯ ಇತಿಹಾಸ: ನನ್ನ ಅನುಭವ

ಟ್ಯಾಕ್ಸಿಯಲ್ಲಿ ಸುತ್ತದೆ ಮುಂಬಯಿಯ ಇತಿಹಾಸ ನೋಡಲಾಗದು ಎಂದು ನನ್ನ ಜೊತೆಗಾರರು ಪಟ್ಟು ಹಿಡಿದಿದ್ದರು. ಬೈಕುಲಾದ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯವೊಂದನ್ನೇ ನೆಚ್ಚಿಕೊಂಡು, ಊಟವೂ ಸೇರಿ ನೂರು ರೂಪಾಯಿಯೊಳಗೆ ದಿನ ಮುಗಿಸಿ ಬಂದ ಮೇಲೆ ಅವರು ಸುಮ್ಮನಾಗಿದ್ದಾರೆ. ಆದರೆ ಇದು ಕೈಗೂಡಿದ್ದು ಮೂರನೆಯ ಯತ್ನದಲ್ಲಿ.

ಮೊದಲ ಸಲ ಹೋದದ್ದು ಬುಧವಾರ. ಅಂದು ಅಲ್ಲಿ ರಜೆ. ಪಕ್ಕದ ರಾಣಿಬಾಗ್ ಮೃಗಾಲಯಕ್ಕೂ ಅದೇ ದಿನ ರಜೆಯಾದ್ದರಿಂದ, ಟ್ಯಾಕ್ಸಿಗೆ ತೆತ್ತ ನೂರೈವತ್ತರಷ್ಟು ಹಣ ನೀರಲ್ಲಿ ಹೋಮ ಮಾಡಿದಂತಾಯಿತು. ಎರಡನೆಯ ಸಲ ಬಾಡಿಗೆ ಕಾರು ಹಿಡಿದು ಒಂದೇ ದಿನಕ್ಕೆ ಐದು ಸ್ಥಳಗಳನ್ನು ತುರುಕಿಕೊಂಡೆ. ನನ್ನ ಪಾಲಿಗೆ ಎಂಟು ಒಂಬತ್ತು ನೂರು ಖರ್ಚಾಯಿತು, ಸಂಗ್ರಹಾಲಯಕ್ಕೆ ಉಳಿದದ್ದು ಮುಕ್ಕಾಲು ಗಂಟೆ. ಅದೂ ಕೆಳ ಅಂತಸ್ತಿನ ಬೆಳ್ಳಿ, ದಂತ, ಮಡಕೆಗಳಲ್ಲೇ ಕಳೆದುಹೋಗಿ, ನಗರದ ಕಥೆಯಿರುವ ಮಹಡಿಗೆ ಕಾಲಿಡುವ ಹೊತ್ತಿಗೆ ಮುಚ್ಚುವ ವೇಳೆಯಾಗಿತ್ತು.

ಮೂರನೆಯ ಸಲ ಕ್ರಮವನ್ನೇ ತಲೆಕೆಳಗು ಮಾಡಿದೆ. ದಾದರಿನಿಂದ ಲೋಕಲ್ ರೈಲಿಗೆ 5 ರೂಪಾಯಿ, ಪ್ರವೇಶಕ್ಕೆ ಆಗ 10. ಹತ್ತು ಗಂಟೆಗೆ ಬಾಗಿಲು ತೆರೆದೊಡನೆ ನೇರ ಮೇಲೆ ಹೋಗಿ, ಹಳೆಯ ನಕ್ಷೆಗಳ ಮುಂದೆ ನಿಂತು, ಒಂದುಗೂಡಿ ಮುಂಬಯಿಯಾದ ಏಳು ದ್ವೀಪಗಳನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ. ಕೈಯಲ್ಲಿ ಬರೆದಾಗ ಮಾತ್ರ ಪರೇಲ್, ಮಾಹಿಮ್, ವರ್ಲಿ, ಮಜಗಾಂವ್‌ಗಳ ನಡುವೆ ಒಮ್ಮೆ ಸಮುದ್ರವಿತ್ತೆಂಬುದು ಮನಸ್ಸಿಗಿಳಿಯುತ್ತದೆ. ಹಿಂದೆ ತೆಗೆದ ಫೋಟೋಗಳನ್ನು ನಾನು ಇಂದಿಗೂ ತೆರೆದು ನೋಡಿಲ್ಲ. ನಗರದ ಬಗೆಬಗೆಯ ಜನರ ಮಣ್ಣಿನ ಗೊಂಬೆಗಳನ್ನು ಫಲಕ ಓದದೆ, ಪೇಟಗಳಿಂದಲೇ ಗುರುತಿಸಲು ಹೊರಟ ನನ್ನ ಪ್ರಯೋಗದಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಾದವು.

ಹೊರಗೆ ನಿಂತಿರುವ ಕಲ್ಲಾನೆಯೇ ಗುಹೆಗಳಿರುವ ಘಾರಾಪುರಿ ದ್ವೀಪಕ್ಕೆ ಎಲಿಫೆಂಟಾ ಎಂಬ ಹೆಸರು ತಂದದ್ದು. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಹೊರಟಾಗ ಅದು ಬಿದ್ದು ಒಡೆದು, ಮುಂದೆ ತುಂಡುಗಳನ್ನು ಜೋಡಿಸಿ ನಿಲ್ಲಿಸಲಾಯಿತು. ದೋಣಿಗೆ ದುಡ್ಡು ಕೊಟ್ಟು ದ್ವೀಪಕ್ಕೆ ಹೋದವರು ಗುಹೆಗಳನ್ನು ನೋಡಿಯಾರು, ಆ ಆನೆಯನ್ನು ಕಾಣಲಾರರು! ದಕ್ಷಿಣ ಮುಂಬಯಿಯ ಕಾಲಾ ಘೋಡಾ (ಕಪ್ಪು ಕುದುರೆ) ಪ್ರದೇಶಕ್ಕೆ ಆ ಹೆಸರು ಕೊಟ್ಟ, ಬ್ರಿಟಿಷ್ ದೊರೆ ಏಳನೆಯ ಎಡ್ವರ್ಡ್ ಏರಿದ ಕುದುರೆಯ ಪ್ರತಿಮೆಯೂ 1965ರಿಂದ ಇಲ್ಲಿಯೇ ಇದೆ.

ಮಧ್ಯಾಹ್ನದ ನಂತರ, ನನ್ನ ಪೆನ್ಸಿಲ್ ನಕ್ಷೆ ಹಿಡಿದು, ಒಮ್ಮೆ ಬೇರೆ ದ್ವೀಪವಾಗಿದ್ದ ಮಜಗಾಂವ್‌ಗೆ ನಡೆದೇ ಹೋದೆ. ಯಾವ ಗಲ್ಲಿ ಹಿಡಿದರೆ ನೆಲದ ಏರು ಕಾಲಿಗೆ ತಿಳಿಯುತ್ತದೆ ಎಂಬುದನ್ನು ಇಲ್ಲಿ ಹೇಳಲಾರೆ, ಅದನ್ನು ಹುಡುಕಲು ನನಗೆ ಒಂದು ಜೊತೆ ಚಪ್ಪಲಿ ಸವೆದಿದೆ. ವಡಾಪಾವ್, ಚಹಾಗಳಿಗೆ ಐವತ್ತರಷ್ಟು ಆಗಿತ್ತು. ಡಾಕ್‌ಯಾರ್ಡ್ ರೋಡ್ ನಿಲ್ದಾಣದಲ್ಲಿ ಮತ್ತೆ 5 ರೂಪಾಯಿಯ ಟಿಕೆಟ್ ಕೊಂಡು ರೈಲು ಹತ್ತಿದಾಗ, ಬೆಳಿಗ್ಗೆ ಜೇಬಿಗಿಟ್ಟ ನೂರರಲ್ಲಿ ಇಪ್ಪತ್ತೈದೋ ಮೂವತ್ತೋ ಇನ್ನೂ ಉಳಿದಿತ್ತು.