ತೊಕ್ಕೊಟ್ಟು ಕಡೆಯಿಂದ ಮಂಗಳೂರಿಗೆ ಬರುವವರು ಪಂಪ್‌ವೆಲ್‌ನಲ್ಲಿ ಗಮನಿಸಬೇಕಾದದ್ದು

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತೊಕ್ಕೊಟ್ಟಿನಿಂದ ಬಂದು ನೇತ್ರಾವತಿ ಸೇತುವೆ ದಾಟಿ ಕಂಕನಾಡಿ, ಹಂಪನಕಟ್ಟೆ ಕಡೆಗೆ ಹೋಗುವವರು 2020ರಲ್ಲಿ ತೆರೆದ ಪಂಪ್‌ವೆಲ್ ಮೇಲ್ಸೇತುವೆಯನ್ನು ಹತ್ತಬಾರದು. ಎಕ್ಕೂರು ಕಳೆದು ಉಜ್ಜೋಡಿ ಬರುವಾಗಲೇ ಎಡಕ್ಕೆ ಸರಿದು ಸರ್ವಿಸ್ ರಸ್ತೆಗೆ ಇಳಿಯಿರಿ. ವೃತ್ತದಲ್ಲಿ ಎಡಕ್ಕೆ ಹೋದರೆ ಕಂಕನಾಡಿ, ಸೇತುವೆಯಡಿ ಬಲಕ್ಕೆ ತಿರುಗಿದರೆ ಪಡೀಲ್ ಮತ್ತು ಬೆಂಗಳೂರು ರಸ್ತೆ ಸಿಗುತ್ತವೆ.

ಕಳೆದ ಮಳೆಗಾಲದಲ್ಲಿ ಅಮ್ಮನನ್ನು ಕಂಕನಾಡಿಯ ಆಸ್ಪತ್ರೆಗೆ ಕರೆತರುವಾಗ, ವೈಪರ್ ಎಷ್ಟು ಓಡಿದರೂ ಗಾಜು ತಿಳಿಯಾಗದೆ, ಮುಂದಿದ್ದ ಲಾರಿಯ ಕೆಂಪು ದೀಪವನ್ನೇ ಹಿಂಬಾಲಿಸಿ ನಾನು ಮೇಲೇರಿಬಿಟ್ಟೆ. ಮತ್ತೆ ಇಳಿದು ತಿರುಗಲು ದಾರಿ ಸಿಗದೆ ನಂತೂರಿನವರೆಗೂ ಸಾಗಿ, ಅಲ್ಲಿ ಎಡಕ್ಕೆ ಹೊರಳಿ ಮಲ್ಲಿಕಟ್ಟೆಯ ಮೂಲಕ ಸುತ್ತಿ ಬರಬೇಕಾಯಿತು. ಹಿಂದಿನ ಸೀಟಿನಲ್ಲಿ ಅಮ್ಮ ನೋವಿನಿಂದ ಕಣ್ಣು ಮುಚ್ಚಿ ಕುಳಿತಿದ್ದರು. ಆ ಹೊತ್ತಿನ ಸಂಕಟ ಇನ್ನಾರಿಗೂ ಬೇಡವೆಂದೇ ಇದನ್ನು ಬರೆಯುತ್ತಿದ್ದೇನೆ.

ಮೂಡುಬಿದಿರೆ, ಉಡುಪಿ ಅಥವಾ ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ಮೇಲ್ಸೇತುವೆಯೇ ಸರಿಯಾದ ದಾರಿ. ನಂತೂರಿನಲ್ಲಿ ಬಲಕ್ಕೆ ಕುಲಶೇಖರ ಮಾರ್ಗವಾಗಿ ಮೂಡುಬಿದಿರೆ ರಸ್ತೆಯಿದೆ. ನೇರ ಹೋಗಿ ಕೆಪಿಟಿ (ಕರ್ನಾಟಕ ಪಾಲಿಟೆಕ್ನಿಕ್) ವೃತ್ತದಲ್ಲಿ ಬಲಕ್ಕೆ ತಿರುಗಿದರೆ ಯೆಯ್ಯಾಡಿ, ಬೊಂದೇಲ್ ಮೂಲಕ ವಿಮಾನ ನಿಲ್ದಾಣ ತಲುಪಬಹುದು. ಜೋರು ಮಳೆ ಬಂದಾಗ ಪಂಪ್‌ವೆಲ್ ಸೇತುವೆಯಡಿ ನೀರು ನಿಲ್ಲುವುದರಿಂದ, ದ್ವಿಚಕ್ರ ಸವಾರರು ನೀರಿನ ಆಳ ತಿಳಿಯದೆ ಮುನ್ನುಗ್ಗದೆ ಸ್ವಲ್ಪ ಹೊತ್ತು ಬದಿಯಲ್ಲಿ ನಿಲ್ಲುವುದು ಒಳ್ಳೆಯದು.