ಗೋಡೆಯ ಆಚೆ ಒಂದು ಉಪ್ಪುನೀರಿನ ಕೋಣೆ

ಹಾಲ್‌ನಲ್ಲಿ ಕೂತವರಿಗೆ ಗಾಜು, ಹವಳ, ಮೀನು ಕಂಡರೆ ಸಾಕು. ಪಂಪು, ಪೈಪು, ಬಕೆಟ್ಟು, ಉಪ್ಪಿನ ಚೀಲ ಎಲ್ಲ ಗೋಡೆಯ ಆಚೆ ಇರಲಿ ಎಂದು ಬೆಂಗಳೂರಿನ ಮನೆಯ ನೆಲಮಹಡಿಯಲ್ಲಿದ್ದ 10 ಅಡಿ ಉದ್ದ, 8 ಅಡಿ ಅಗಲದ ಸ್ಟೋರ್ ರೂಮನ್ನು ರೀಫ್ ಟ್ಯಾಂಕಿನ (ಹವಳ, ಮೀನು ಸಾಕುವ ಉಪ್ಪುನೀರಿನ ತೊಟ್ಟಿಯ) ಕೋಣೆ ಮಾಡಿಕೊಂಡಿದ್ದೇನೆ. ಟ್ಯಾಂಕು 180 ಸೆಂ.ಮೀ. ಉದ್ದ, 75 ಅಗಲ, 60 ಎತ್ತರ, ಗಾಜು 15 ಮಿ.ಮೀ. ಕಲ್ಲು, ಮರಳು ಹಿಡಿದ ಜಾಗ ಕಳೆದು ಒಟ್ಟು ವ್ಯವಸ್ಥೆಯಲ್ಲಿ ಓಡಾಡುವ ನೀರು ಸುಮಾರು 900 ಲೀಟರ್.

ಇಂಥ ಕೋಣೆ ಮಾಡುವಾಗ ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಕೆಟ್ಟರೆ ನೀರು ಎಲ್ಲಿಗೆ ಹೋಗುತ್ತದೆ? ಪಂಪಿನ ಬ್ರಾಂಡು, ಲೈಟಿನ ಬಣ್ಣ ಎಲ್ಲ ಆಮೇಲಿನ ಮಾತು.

ಮೊದಲು ಭಾರ. ಗಾಜೇ 165 ಕೆ.ಜಿ. ಆಗುತ್ತದೆ. ನೀರು, ಕಲ್ಲು, ಮರಳು, ಸ್ಟ್ಯಾಂಡು ಸೇರಿದರೆ 1,100 ಕೆ.ಜಿ. ಆಸುಪಾಸು, ಅಂದರೆ ಟ್ಯಾಂಕು ಕೂತ ಜಾಗದಲ್ಲಿ ಚದರ ಮೀಟರಿಗೆ 800 ಕೆ.ಜಿ. ನಮ್ಮ ಮನೆಗಳ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆ.ಜಿ. ಬಳಕೆಯ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಹಾಗಾಗಿ ಮಣ್ಣಿನ ಮೇಲೆ ಕೂತ ನೆಲಮಹಡಿ ಬಿಟ್ಟರೆ ಬೇರೆಲ್ಲೇ ಇಡುವುದಿದ್ದರೂ ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳದೆ ಹೆಜ್ಜೆ ಇಡಬೇಡಿ. ಟ್ಯಾಂಕು ಹಾಲ್‌ಗೆ ಕಾಣಲೆಂದು ಗೋಡೆ ಒಡೆಯುವಾಗಲೂ ಅಷ್ಟೇ. ಪಿಲ್ಲರ್ ಮನೆಯ ಅಡ್ಡಗೋಡೆಯಾದರೆ ಲಿಂಟಲ್ ಕೊಟ್ಟು ಆರೂವರೆ ಅಡಿ ಕಿಂಡಿ ತೆಗೆಯಬಹುದು. ಹಳೆಯ ಮನೆಯ ಭಾರ ಹೊರುವ ಗೋಡೆಯಾದರೆ ಅದು ಬೇರೆಯೇ ಲೆಕ್ಕ.

ಕೋಣೆಯ ನೆಲವನ್ನು ಬಚ್ಚಲುಮನೆಯಂತೆಯೇ ಮಾಡಿಸಿದೆ. ಹಳೆ ಟೈಲ್ಸ್ ಕಿತ್ತು, ವಾಟರ್‌ಪ್ರೂಫಿಂಗ್ ಹೊಡೆದು, ನಹಾನಿ ಟ್ರ್ಯಾಪಿನ ಕಡೆಗೆ 100 ಸೆಂ.ಮೀ.ಗೆ 1 ಸೆಂ.ಮೀ. ವಾಟ ಕೊಟ್ಟು, ಟೈಲ್ಸ್ ಸಂದಿಗೆ ಎಪಾಕ್ಸಿ ಗ್ರೌಟ್ ತುಂಬಿಸಿದ್ದು. ಮಾಮೂಲಿ ಸಿಮೆಂಟ್ ಗ್ರೌಟನ್ನು ಉಪ್ಪು ತಿಂದುಹಾಕುತ್ತದೆ. ಟ್ಯಾಂಕು ಕೂರುವ ಪಟ್ಟಿಗೆ ಮಾತ್ರ ವಾಟ ಬೇಡ, ಅದು ರಸಮಟ್ಟಕ್ಕೆ ಸರಿಯಾಗಿ ಸಮ ಇರಬೇಕು. ಮೇಸ್ತ್ರಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೇ ತೋರಿಸಿ. ಬಾಗಿಲಿಗೆ 5 ಸೆಂ.ಮೀ. ಎತ್ತರದ ಗ್ರಾನೈಟ್ ಹೊಸ್ತಿಲು ಹಾಕಿಸಿದ್ದರಿಂದ ಟ್ರ್ಯಾಪ್ ಕಟ್ಟಿಕೊಂಡರೂ 300 ಲೀಟರಿನಷ್ಟು ನೀರು ಕೋಣೆಯಲ್ಲೇ ನಿಲ್ಲುತ್ತದೆ, ಹಾಲ್‌ಗೆ ಹರಿಯುವುದಿಲ್ಲ.

ಕಬ್ಬಿಣ ಆದಷ್ಟು ಕಡಿಮೆ ಇರಲಿ. ಪೌಡರ್ ಕೋಟಿಂಗ್ ಮಾಡಿದ ಸ್ಟ್ಯಾಂಡಿನಲ್ಲೂ ಬೆಸುಗೆಯ ಮೂಲೆಗಳಲ್ಲಿ ತುಕ್ಕು ಶುರುವಾಗುತ್ತದೆ. ಸಾಲಿಡ್ ಬ್ಲಾಕಿನ ಗಿಡ್ಡ ಗೋಡೆಗಳ ಮೇಲೆ ಕಡಪಾ ಕಲ್ಲು ಹಾಸಿ ಡ್ರಮ್ಮುಗಳಿಗೂ ಸಾಮಾನುಗಳಿಗೂ ಕಟ್ಟೆ ಮಾಡಿಸಿದ್ದೇನೆ. ಅಡುಗೆಮನೆ ಕಟ್ಟೆಯ ಅದೇ ತಂತ್ರ. ಅಗ್ಗ, ತುಕ್ಕಿನ ಮಾತಿಲ್ಲ. ಟ್ಯಾಂಕಿನ ಹಿಂದೆ ಓಡಾಡಲು ಕನಿಷ್ಠ 75 ಸೆಂ.ಮೀ., ಮೇಲೆ ಕೈ ಹಾಕಲು 60 ಸೆಂ.ಮೀ. ಬಿಡಲೇಬೇಕು. ಲೈಟು ತೂಗುಹಾಕುವ ಮೊದಲು ಒಂದು ಸ್ಟೂಲ್ ಮೇಲೆ ನಿಂತು ಮುಂದಿನ ಗಾಜಿನ ಬುಡಕ್ಕೆ ಕೈ ಎಟುಕುತ್ತದೆಯೇ ನೋಡಿಕೊಳ್ಳಿ.

ಇನ್ನು ಸಂಪ್. ನಮ್ಮೂರಲ್ಲಿ ಸಂಪ್ ಅಂದರೆ ಅಂಗಳದಡಿಯ ನೀರಿನ ತೊಟ್ಟಿ, ಹಾಗಾಗಿ ಪ್ಲಂಬರಿಗೆ ಇದನ್ನು ಎರಡು ಸಲ ವಿವರಿಸಬೇಕಾಗುತ್ತದೆ. ಇಲ್ಲಿ ಸಂಪ್ ಎಂದರೆ ಟ್ಯಾಂಕಿಗಿಂತ ಕೆಳಗೆ ಕೂತ ಇನ್ನೊಂದು ಗಾಜಿನ ತೊಟ್ಟಿ, 120×60×45 ಸೆಂ.ಮೀ. ಟ್ಯಾಂಕಿನ ಅಂಚು ಮೀರಿದ ನೀರು ಪೈಪಿನಲ್ಲಿ ಇಳಿದು ಇದಕ್ಕೆ ಬರುತ್ತದೆ, ನೊರೆ ಎಬ್ಬಿಸಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ದಾಟಿ ರಿಟರ್ನ್ ಪಂಪಿನಿಂದ ಮತ್ತೆ ಮೇಲೇರುತ್ತದೆ. ಮನೆ ಒದ್ದೆಯಾಗುವುದು ಬಹುತೇಕ ಕರೆಂಟು ಹೋದ ಆ ಎರಡು ನಿಮಿಷದಲ್ಲಿ. ಪಂಪು ನಿಂತ ತಕ್ಷಣ ರಿಟರ್ನ್ ಪೈಪೇ ಸೈಫನ್ ಆಗಿ ಮೇಲಿನ ನೀರನ್ನು ಕೆಳಕ್ಕೆ ಎಳೆಯುತ್ತದೆ. ಈ ಟ್ಯಾಂಕಿನಲ್ಲಿ 1 ಸೆಂ.ಮೀ. ನೀರು ಎಂದರೆ 13.5 ಲೀಟರ್. ರಿಟರ್ನ್ ಬಾಯಿ 10 ಸೆಂ.ಮೀ. ಆಳದಲ್ಲಿದ್ದರೆ 135 ಲೀಟರ್ ಕೆಳಗೆ ಬಂತೆಂದೇ ಲೆಕ್ಕ. ಬಾಯಿಯನ್ನು ನೀರಿನ ಮೇಲ್ಮೈಯಿಂದ 2 ಸೆಂ.ಮೀ. ಕೆಳಗೆ ಮಾತ್ರ ಇಟ್ಟಿದ್ದೇನೆ. ಓವರ್‌ಫ್ಲೋ ಬಾಕ್ಸು, ಪೈಪುಗಳಲ್ಲಿ ಉಳಿದದ್ದು ಸೇರಿ ಇಳಿಯುವ ನೀರು ಅಳೆದಾಗ 50 ಲೀಟರಿನೊಳಗೇ ನಿಂತಿತು. ಸಂಪಿನಲ್ಲಿ ನೀರಿನ ಮಟ್ಟ 22 ಸೆಂ.ಮೀ., ಮೇಲೆ 23 ಸೆಂ.ಮೀ. ಖಾಲಿ. ಆ ಮಟ್ಟಕ್ಕೆ ಪರ್ಮನೆಂಟ್ ಮಾರ್ಕರಿನಿಂದ ಗೆರೆ ಎಳೆದು, ಅದಕ್ಕಿಂತ ಮೇಲೆ ಯಾರೂ ನೀರು ತುಂಬಬಾರದೆಂದು ಪಕ್ಕದಲ್ಲೇ ಬರೆದಿದ್ದೇನೆ. ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಹಾಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಒಂದು ಸಣ್ಣ ಶಂಖ ಸಿಕ್ಕಿಕೊಂಡರೆ ಆ ವಾಲ್ವ್ ಮುಚ್ಚುವುದಿಲ್ಲ. ಅದನ್ನು ನಂಬಿ ಖಾಲಿ ಜಾಗ ಕಡಿಮೆ ಮಾಡಬೇಡಿ.

ಇಳಿಯುವ ಪೈಪು ಮೂರು, ಹವ್ಯಾಸಿಗಳು ‘ಬೀನ್ ಅನಿಮಲ್’ ಎನ್ನುವ ಪದ್ಧತಿಯಲ್ಲಿ. ಮೊದಲನೆಯದು ಗಾಳಿಯಿಲ್ಲದೆ ತುಂಬಿ ಹರಿಯುವ ಸೈಫನ್, ಎರಡನೆಯದರಲ್ಲಿ ಉಳಿದ ಚೂರು ನೀರು, ಮೂರನೆಯದು ಒಣಗಿಯೇ ಇರುತ್ತದೆ. ಮೊದಲೆರಡು ಕಟ್ಟಿಕೊಂಡ ದಿನ ಅದಕ್ಕೆ ಕೆಲಸ. ಸೈಫನ್ ಪೈಪಿಗೆ ಗೇಟ್ ವಾಲ್ವ್ ಬೇಕು, ಬಾಲ್ ವಾಲ್ವಿನಲ್ಲಿ ಕೂದಲೆಳೆಯಷ್ಟು ತಿರುಗಿಸಿ ಹೊಂದಿಸಲು ಆಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಟ್ ವಾಲ್ವ್ ಎಂದರೆ ಹಿತ್ತಾಳೆಯದನ್ನು ಕೊಡುತ್ತಾರೆ. ಹಿತ್ತಾಳೆಯಲ್ಲಿ ತಾಮ್ರವಿದೆ, ತಾಮ್ರ ಸಿಗಡಿ, ಬಸವನಹುಳು, ಹವಳಗಳಿಗೆ ವಿಷ. ಪೂರ್ತಿ ಪ್ಲಾಸ್ಟಿಕ್ಕಿನದನ್ನೇ ಹುಡುಕಿ ತನ್ನಿ. ಸೈಫನ್ ಪೈಪಿನ ತುದಿ ಸಂಪಿನ ನೀರಿನಲ್ಲಿ 2-3 ಸೆಂ.ಮೀ. ಮಾತ್ರ ಮುಳುಗಿರಲಿ. ಆಳಕ್ಕೆ ಇಳಿಸಿದರೆ ಕರೆಂಟು ಬಂದಾಗ ಪೈಪಿನೊಳಗಿನ ಗಾಳಿ ಹೊರಹೋಗದೆ ಸೈಫನ್ ಹಿಡಿಯುವುದೇ ಇಲ್ಲ. ಪ್ರತಿ ಪಂಪಿಗೂ ವಾಲ್ವಿಗೂ ಬಿಚ್ಚಿ ಜೋಡಿಸಲು ಬರುವ ಯೂನಿಯನ್ ಹಾಕಿಸಿ, ಪಂಪಿನ ಬಾಯಿಗೆ ಒಂದು ಗೇಣು ಮೆತ್ತನೆ ಹೋಸ್ ಕೊಡಿ. ನೇರ ಗಟ್ಟಿ ಪೈಪು ಸೇರಿಸಿದರೆ ಪಂಪಿನ ಗುಂಯ್‌ಗುಟ್ಟುವಿಕೆ ಗೋಡೆ ಹತ್ತಿ ಹಾಲ್‌ಗೆ ಬರುತ್ತದೆ. ಗಾಜಿನ ತೂತಿಗೆ ಪೈಪು ಕೂರಿಸುವ ಟ್ಯಾಂಕ್ ನಿಪ್ಪಲ್ಲನ್ನು ಕೈಯಲ್ಲಿ ಬಿಗಿದು ಕಾಲು ಸುತ್ತು ಹೆಚ್ಚಿಗೆ ತಿರುಗಿಸಿದರೆ ಸಾಕು. ಪೈಪ್ ರೆಂಚ್ ಹಿಡಿದ ಪ್ಲಂಬರನ್ನು ಗಾಜಿನ ಹತ್ತಿರ ಬಿಡಬೇಡಿ.

ವಿದ್ಯುತ್ತಿಗೆ ಪ್ರತ್ಯೇಕ ಲೈನು, ಸೋರಿಕೆ ಕಂಡರೆ ಕರೆಂಟು ಕಡಿಯುವ, 30 ಮಿಲಿಆಂಪಿನ ಎರಡು ಆರ್‌ಸಿಸಿಬಿ. ರಿಟರ್ನ್ ಪಂಪು, ನೀರು ಕಲಕುವ ಒಂದು ವೇವ್‌ಮೇಕರ್ ಒಂದರಲ್ಲಿ. ಸ್ಕಿಮ್ಮರ್, ಇನ್ನೊಂದು ವೇವ್‌ಮೇಕರ್ ಇನ್ನೊಂದರಲ್ಲಿ. ಒಂದು ಟ್ರಿಪ್ ಆದರೂ ನೀರು ಅಲುಗಾಡುತ್ತಿರುತ್ತದೆ. ಸಾಕೆಟ್ಟುಗಳು ಟ್ಯಾಂಕಿನ ಮೇಲಲ್ಲ, ಎದುರು ಗೋಡೆಯಲ್ಲಿ, ಎದೆಯೆತ್ತರಕ್ಕೆ. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಜೋತು ಮತ್ತೆ ಮೇಲೇರಬೇಕು, ವೈರಿನ ಗುಂಟ ಬಂದ ಹನಿ ಅಲ್ಲೇ ಉದುರಿಹೋಗಲಿ. ಕರೆಂಟಿಲ್ಲದಾಗ ಮೀನು ಸಾಯುವುದು ಉಸಿರುಕಟ್ಟಿ, ಫಿಲ್ಟರ್ ನಿಂತಿದ್ದಕ್ಕಲ್ಲ. ಆದ್ದರಿಂದ ಇನ್ವರ್ಟರಿಗೆ ಕೊಟ್ಟಿರುವುದು ಎರಡು ವೇವ್‌ಮೇಕರ್ ಮತ್ತು ತಗ್ಗಿನ ವೇಗದ ರಿಟರ್ನ್ ಪಂಪು, ಒಟ್ಟು 100 ವ್ಯಾಟ್. 150 ಎಎಚ್ ಬ್ಯಾಟರಿಯಲ್ಲಿ ಒಂದು ರಾತ್ರಿ ತಳ್ಳಬಹುದು. ಇನ್ವರ್ಟರ್ ಸೈನ್ ವೇವ್ ಆಗಿರಲಿ, ಸ್ಕ್ವೇರ್ ವೇವಿನಲ್ಲಿ ಎಸಿ ಪಂಪುಗಳು ಕಾದು ಕಿರುಗುಡುತ್ತವೆ. ಬ್ಯಾಟರಿಯನ್ನು ಈ ಕೋಣೆಯಲ್ಲಿ ಇಡಬೇಡಿ, ಟರ್ಮಿನಲ್ಲುಗಳಿಗೆ ಉಪ್ಪು ಹಿಡಿಯುತ್ತದೆ. ಸ್ಕಿಮ್ಮರಿಗೆ ಕರೆಂಟು ಬಂದ 10 ನಿಮಿಷದ ಮೇಲೆ ಶುರುವಾಗುವ ಟೈಮರ್ ಹಾಕಿ. ಸಂಪಿನ ಮಟ್ಟ ಏರಿರುವಾಗಲೇ ಅದು ಓಡಿದರೆ ಅದರ ಬಟ್ಟಲಿನ ಕೊಳೆಯೆಲ್ಲ ಉಕ್ಕಿ ವಾಪಸ್ ನೀರಿಗೆ ಬೀಳುತ್ತದೆ.

ತೇವದ ಬಗ್ಗೆ ಯಾರೂ ಮೊದಲೇ ಯೋಚಿಸುವುದಿಲ್ಲ. ನನ್ನ ವ್ಯವಸ್ಥೆಯಿಂದ ದಿನಕ್ಕೆ 12 ಲೀಟರ್ ನೀರು ಆವಿಯಾಗುತ್ತದೆ. 27 ಡಿಗ್ರಿಯಲ್ಲಿ ಈ ಕೋಣೆಯ ಗಾಳಿ ಪೂರ್ತಿ ತೇವ ತುಂಬಿದರೂ ಹಿಡಿಯುವುದು ಅರ್ಧ ಲೀಟರ್ ಚಿಲ್ಲರೆ. ಮಿಕ್ಕದ್ದು ಗೋಡೆಗೆ, ಬಾಗಿಲಿಗೆ, ಸ್ವಿಚ್ ಬೋರ್ಡಿಗೆ ಹೋಗಿ ಬೂಷ್ಟು ಕಟ್ಟುತ್ತದೆ. ಆರ್ದ್ರತೆ ಶೇ. 65 ದಾಟಿದರೆ ತಾನೇ ಓಡುವ 9 ಇಂಚಿನ ಎಕ್ಸಾಸ್ಟ್ ಫ್ಯಾನು ಹೊರಗೋಡೆಗಿದೆ, ಎದುರು ಗೋಡೆಯ ತಳದಲ್ಲಿ ಸೊಳ್ಳೆಜಾಲರಿ ಹಾಕಿದ ಗಾಳಿಕಿಂಡಿ. ಮಳೆಗಾಲದಲ್ಲಿ ಹೊರಗಿನ ಗಾಳಿಯೇ ಒದ್ದೆ, ಆಗ ಡಿಹ್ಯೂಮಿಡಿಫೈಯರ್ ಬೇಕಾಗುತ್ತದೆ. ಮಂಗಳೂರು, ಕಾರವಾರದ ಕಡೆಯವರು ಎಕ್ಸಾಸ್ಟನ್ನೇ ನಂಬಿ ಕೂರುವಂತಿಲ್ಲ.

ಅದೇ ಆವಿ ತಂಪನ್ನೂ ಕೊಡುತ್ತದೆ. 12 ಲೀಟರ್ ಆವಿಯಾಗಲು ಸುಮಾರು 8 ಯೂನಿಟ್ಟಿನಷ್ಟು ಶಾಖ ಬೇಕು, ಅದರ ಬಹುಪಾಲು ಟ್ಯಾಂಕಿನ ನೀರಿನಿಂದಲೇ ಹೋಗುತ್ತದೆ. ಬೆಂಗಳೂರಿನ ಒಣಹವೆಯಲ್ಲಿ ಸಂಪಿನ ಮೇಲೆ ಎರಡು ಸಣ್ಣ ಫ್ಯಾನು ಬೀಸಿದರೆ ನೀರು 2-3 ಡಿಗ್ರಿ ಇಳಿಯುತ್ತದೆ. ಮಾರ್ಚಿನಿಂದ ಮೇವರೆಗೆ ಮಾತ್ರ ಚಿಲ್ಲರ್. ಚಿಲ್ಲರನ್ನು ಕೋಣೆಯ ಹೊರಗೆ ಇಡಿ. ಒಳಗಿಟ್ಟರೆ ನೀರಿನಿಂದ ತೆಗೆದ ಬಿಸಿಯನ್ನು ಅದೇ ಕೋಣೆಗೆ ಊದಿ, ಮತ್ತೆ ಅದನ್ನೇ ತೆಗೆಯಲು ಹೆಣಗುತ್ತದೆ. ನನ್ನ ಗುರಿ 25.5ರಿಂದ 26.5 ಡಿಗ್ರಿ.

ಸ್ಕಿಮ್ಮರಿನ ಗಾಳಿಕೊಳವೆಯನ್ನು ಹೊರಗಿನಿಂದ ತಂದಿದ್ದೇನೆ. ಮುಚ್ಚಿದ ಮನೆಯಲ್ಲಿ ಜನರ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ನೀರಿನ ಪಿಎಚ್ 7.8ಕ್ಕೆ ಇಳಿಯುತ್ತದೆ. ಕೊಳವೆಗೆ ಇದ್ದಿಲಿನ ಡಬ್ಬಿ ಸಿಕ್ಕಿಸಿ. ಬೀದಿಗೆ ಸೊಳ್ಳೆ ಹೊಗೆ ಹೊಡೆಯಲು ಬಂದ ದಿನ ಕೊಳವೆಯನ್ನೇ ಕಳಚಿಬಿಡಿ. ಮನೆಯೊಳಗಿನ ಸೊಳ್ಳೆ ಲಿಕ್ವಿಡ್ಡು, ಜಿರಳೆ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಸಿಗಡಿ, ಮೀನು ಎರಡನ್ನೂ ಕೊಲ್ಲುತ್ತದೆ, ಅವು ಈ ಕೋಣೆಯ ಹತ್ತಿರವೂ ಬೇಡ.

ನೀರು ತಯಾರಿ. ಕುಡಿಯುವ ನೀರಿನ ಆರ್‌ಒ ಮೆಷಿನ್ ಇದಕ್ಕೆ ಬರುವುದಿಲ್ಲ, ಅದರ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಅಡ್ಜಸ್ಟರ್ ಶುದ್ಧವಾಗದ ನೀರನ್ನೇ ಬೆರೆಸುತ್ತದೆ. ಸೆಡಿಮೆಂಟ್, ಕಾರ್ಬನ್, 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಮೆಂಬ್ರೇನ್, ಕೊನೆಗೆ ಉಳಿದ ಲವಣ ಹೀರುವ ಡಿಐ ರೆಸಿನ್: ಈ ಸರಣಿಯಲ್ಲಿ ಟಿಡಿಎಸ್ ಸೊನ್ನೆ ಬರಬೇಕು. ಓವರ್‌ಹೆಡ್ ಟ್ಯಾಂಕು 4 ಮೀಟರ್ ಮೇಲಿದ್ದರೆ ಒತ್ತಡ ಬರೀ 0.4 ಬಾರ್, ಮೆಂಬ್ರೇನಿಗೆ ಬೇಕಾದದ್ದು 4. ಬೂಸ್ಟರ್ ಪಂಪು ಇಲ್ಲದೆ ಆಗದು. ಶೇ. 98 ತಡೆಯುವ ಮೆಂಬ್ರೇನಿನಿಂದಲೂ 700 ಟಿಡಿಎಸ್‌ನ ಬೋರ್ ನೀರು 14 ಆಗಿ ಹೊರಬರುತ್ತದೆ, ರೆಸಿನ್ ಬೇಗ ಮುಗಿಯುತ್ತದೆ. ಕಾವೇರಿ ಲೈನ್ ಇದ್ದರೆ ಅದಕ್ಕೇ ಜೋಡಿಸಿ. ಮೀಟರ್ ಸೊನ್ನೆ ತೋರಿಸುತ್ತಿದ್ದರೂ ಗಾಜಿಗೆ ಕಂದು ಪುಡಿ ಹತ್ತಲು ಶುರುವಾದರೆ ರೆಸಿನ್ ಮುಗಿಯುತ್ತ ಬಂತು, ಸಿಲಿಕೇಟ್ ಮೊದಲು ನುಸುಳುತ್ತಿದೆ ಎಂದು ಅನುಮಾನಿಸಿ.

ಆಹಾರದರ್ಜೆಯ 200 ಲೀಟರಿನ ಎರಡು ನೀಲಿ ಡ್ರಮ್ಮು: ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಉಪ್ಪುನೀರು. ಕೆಮಿಕಲ್ ತುಂಬಿದ್ದ ಡ್ರಮ್ಮು ಎಷ್ಟು ತೊಳೆದರೂ ಬೇಡ. ಹದಿನೈದು ದಿನಕ್ಕೊಮ್ಮೆ 90 ಲೀಟರ್ ಬದಲಾವಣೆಗೆ ಸುಮಾರು 3.3 ಕೆ.ಜಿ. ಸಾಲ್ಟ್ ಮಿಕ್ಸ್. ಓಡುತ್ತಿರುವ ನೀರಿಗೆ ಉಪ್ಪು ಸುರಿಯಬೇಕು. ಉಪ್ಪಿನ ಮೇಲೆ ನೀರು ಬಿಟ್ಟರೆ ಕ್ಯಾಲ್ಸಿಯಂ ಬೆಳ್ಳಗೆ ಕಟ್ಟಿ ತಳ ಸೇರುತ್ತದೆ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಬರೀ ಶುದ್ಧನೀರಿನಲ್ಲಲ್ಲ, 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪಿನ) ದ್ರಾವಣದಲ್ಲಿ ಹೊಂದಿಸಿ.

ಆವಿಯಾದಷ್ಟು ಸಿಹಿನೀರು ತುಂಬುವ ಎಟಿಒಗೆ 200 ಲೀಟರಿನ ಡ್ರಮ್ಮನ್ನೇ ಜೋಡಿಸುವ ಆಸೆ ಬರುತ್ತದೆ. ನನ್ನದು 30 ಲೀಟರಿನ ಕ್ಯಾನು. ಸೆನ್ಸರ್ ಕೆಟ್ಟು ಪೂರ್ತಿ ಸುರಿದರೂ 35 ಇದ್ದ ಉಪ್ಪಿನಂಶ 33.9ಕ್ಕೆ ಇಳಿದು ನಿಲ್ಲುತ್ತದೆ, ಸಂಪೂ ಉಕ್ಕುವುದಿಲ್ಲ. ಟ್ಯಾಂಕು ಬಳಸಿದ ಕ್ಯಾಲ್ಸಿಯಂ, ಕ್ಷಾರವನ್ನು ಮರಳಿ ತುಂಬಲು ಇದೇ ಕ್ಯಾನಿಗೆ ಸುಣ್ಣದ ತಿಳಿ. ಗಟ್ಟಿ ಹವಳ ಇಲ್ಲದ ನನ್ನ ಟ್ಯಾಂಕು ದಿನಕ್ಕೆ 0.5 ಡಿಕೆಎಚ್ (ಕ್ಷಾರದ ಅಳತೆ) ಕ್ಷಾರ ಉಪಯೋಗಿಸುತ್ತದೆ. ಅದಕ್ಕೆ ದಿನಕ್ಕೆ 6 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಲೀಟರಿಗೆ ಅರ್ಧ ಗ್ರಾಂ. ಇಡೀ ಕ್ಯಾನು ಸುರಿದರೆ 1.3 ಡಿಕೆಎಚ್ ಏರುತ್ತದೆ, ಸಹಿಸಿಕೊಳ್ಳಬಹುದು. ಲೀಟರಿಗೆ 1.5 ಗ್ರಾಂನ ಪೂರ್ಣ ತಿಳಿಯಾಗಿದ್ದರೆ 3.8 ಏರಿ, ಪಿಎಚ್ ಹಾರಿ, ಟ್ಯಾಂಕು ಹಾಲಿನಂತಾಗುತ್ತಿತ್ತು. ಎಲೆ ಅಡಿಕೆಯ ಸುಣ್ಣ ಬಳಸಬೇಡಿ, ಅದರಲ್ಲಿ ಏನೇನಿದೆಯೋ ಗೊತ್ತಾಗದು.

ಗಟ್ಟಿ ಹವಳ ಏಕಿಲ್ಲ ಎಂದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಗಟ್ಟಿ ಹವಳ, ಕರಿ ಹವಳ, ಬೆಂಕಿ ಹವಳ, ಸೀ ಫ್ಯಾನ್, ಕಡಲಕುದುರೆ ಎಲ್ಲ ಇವೆ. ನಮ್ಮ ಸಮುದ್ರದ ‘ಲೈವ್ ರಾಕ್’ ಎಂದು ಮಾರುವುದೂ ಹವಳದ ಕಲ್ಲೇ. ಹಾಗಾಗಿ ನನ್ನಲ್ಲಿರುವುದು ಕಾರ್ಖಾನೆಯ ಸೆರಾಮಿಕ್ ಕಲ್ಲು, ಗಟ್ಟಿ ಅಸ್ಥಿಯಿಲ್ಲದ ಮಶ್ರೂಮ್, ಲೆದರ್, ಜೋಆಂಥಿಡ್‌ಗಳು, ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನು. ಜೋಆಂಥಿಡ್ ಹಿಡಿಯುವಾಗ ಗ್ಲೌಸು, ಕನ್ನಡಕ ಕಡ್ಡಾಯ. ಅವು ಹತ್ತಿದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿದರೆ ಪಾಲಿಟಾಕ್ಸಿನ್ ಎಂಬ ವಿಷ ಹಬೆಯೊಂದಿಗೆ ಬಂದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾದೀತು.

ಎಲ್ಲ ಜೋಡಿಸಿ, ಪೈಪಿನ ಅಂಟು ಒಂದು ದಿನ ಒಣಗಿದ ಮೇಲೆ ಮೂರು ದಿನ ಬರೀ ನಲ್ಲಿ ನೀರು ತುಂಬಿಸಿ ಓಡಿಸಿದೆ. ಪ್ರತಿ ಜಾಯಿಂಟಿನ ಕೆಳಗೂ ಒಂದು ತುಂಡು ನ್ಯೂಸ್‌ಪೇಪರ್: ಕೈಗೆ ತಿಳಿಯದ ಹನಿ ಕಾಗದದಲ್ಲಿ ಕಲೆಯಾಗಿ ಕಾಣುತ್ತದೆ. ಆಮೇಲೆ ಮೇನ್ ಸ್ವಿಚ್ ಆರಿಸಿ, ನೀರೆಲ್ಲ ಇಳಿಯುವವರೆಗೆ ಕಾದು, ಸಂಪಿನ ಮಟ್ಟ ನೋಡಿ, ಮತ್ತೆ ಹಾಕುವುದು. ಹೀಗೆ ಹತ್ತು ಸಲ. ಹತ್ತರಲ್ಲಿ ಎರಡು ಸಲ ಸೈಫನ್ ಹಿಡಿಯದೆ ಮೂರನೆಯ ಪೈಪಿನಲ್ಲಿ ನೀರು ಇಳಿಯಿತು. ಪೈಪಿನ ತುದಿಯನ್ನು 4 ಸೆಂ.ಮೀ. ಕತ್ತರಿಸಿದ ಮೇಲೆ ಸರಿಹೋಯಿತು. ಆ ನಲ್ಲಿ ನೀರನ್ನೆಲ್ಲ ಚೆಲ್ಲಿ, ಸೊನ್ನೆ ಟಿಡಿಎಸ್‌ನ ನೀರು ತುಂಬಿ ಉಪ್ಪು ಹಾಕಿದ್ದು ಆಮೇಲೆಯೇ.