ಕಂಪನಿ ಕಾಲದ ಪತ್ರಗಳಿಗೆ ಜಾನ್ಸನ್ ಡಿಕ್ಷನರಿ: ನನ್ನ ಅನುಭವ

ಈಸ್ಟ್ ಇಂಡಿಯಾ ಕಂಪನಿ ಕಾಲದ ಒಂದು ಕಟ್ಟು ಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸ ಸಿಕ್ಕಾಗ, 1755ರ ಸ್ಯಾಮ್ಯುಯೆಲ್ ಜಾನ್ಸನ್ ಇಂಗ್ಲಿಷ್ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮಾಡುತ್ತೇನೆ ಅಂದೆ. ಜೊತೆಯ ಅನುವಾದಕರು ಯಾರೂ ಒಪ್ಪಲಿಲ್ಲ. "ಅದು ಮ್ಯೂಸಿಯಂನಲ್ಲಿ ಇಡೋ ಪುಸ್ತಕ ಸರ್, ಸುಮ್ನೆ ಟೈಮ್ ವೇಸ್ಟ್" ಅಂದರು. ಈಗ ಪುಸ್ತಕ ಅಚ್ಚಾಗಿದೆ. ಇತಿಹಾಸದ ಮೇಷ್ಟ್ರುಗಳು ಓದಿ ಸೈ ಅಂದಿದ್ದಾರೆ. ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹಳೆಯ ಇಂಗ್ಲಿಷ್‌ನಲ್ಲಿ ಕೈಕೊಡುವುದು ಸುಲಭದ ಪದಗಳು. ಕಷ್ಟದ ಪದ ಕಂಡರೆ ನಾವೇ ನಿಘಂಟು ತೆಗೆಯುತ್ತೇವೆ. ದಿನಾ ಬಳಸುವ ಪದಕ್ಕೆ ಯಾರು ತೆಗೆಯುತ್ತಾರೆ? ಒಂದು ಪತ್ರದಲ್ಲಿ ಕಿರಿಯ ಅಧಿಕಾರಿಯೊಬ್ಬ ತನ್ನ ಕರ್ನಲ್‌ನ 'ಕಂಡಿಸೆನ್ಷನ್' ನೋಡಿ ಎಲ್ಲರೂ ಅವರಿಗೆ ಮನಸೋತರು ಎಂದು ಬರೆದಿದ್ದ. ಈಗ ಈ ಪದಕ್ಕೆ ಕೀಳಾಗಿ ಕಾಣುವ ಅರ್ಥ. ಕೀಳಾಗಿ ಕಂಡವರಿಗೆ ಯಾರಾದರೂ ಮನಸೋಲುತ್ತಾರಾ? ಆ ಭಾಗದ ಹಳೆಯ ಕರಡಿನಲ್ಲಿ ಇದನ್ನು ವ್ಯಂಗ್ಯ ಎಂದುಕೊಂಡು ಅಡಿಟಿಪ್ಪಣಿಯನ್ನೂ ಹಾಕಿದ್ದರು. ಜಾನ್ಸನ್ ತೆಗೆದೆ. ಮೇಲಿನವನು ತಾನಾಗಿಯೇ ಇಳಿದು ಬಂದು ಕೆಳಗಿನವರ ಜೊತೆ ಸರಿಸಮನಾಗಿ ನಡೆದುಕೊಳ್ಳುವುದು ಎಂಬ ಅರ್ಥವಿದೆ. ಅಪ್ಪಟ ಹೊಗಳಿಕೆ! "ದೊಡ್ಡಸ್ತಿಕೆ ಬಿಟ್ಟು ನಮ್ಮ ಜೊತೆ ಬೆರೆತರು" ಎಂದು ಬರೆದೆ. ಅಡಿಟಿಪ್ಪಣಿ ಹೋಯಿತು, ಪತ್ರ ತಾನಾಗಿ ಮಾತಾಡಿತು.

ಅಲ್ಲಿಂದ ಎಲ್ಲೆಲ್ಲೂ ಇದೇ ಕಥೆ. ಸೈನಿಕರು ಭಯವನ್ನು 'ಡಿಸ್ಕವರ್' ಮಾಡಿದರು ಅಂದರೆ ಭಯ ಹೊರಗೆ ತೋರಿತು ಎಂದರ್ಥ. 'ಕ್ಯೂರಿಯಸ್' ಆದ ಕೆತ್ತನೆ ಅಂದರೆ ನಾಜೂಕಿನ ಕೆತ್ತನೆ. 'ಕಾರ್ನ್' ಅಂದರೆ ತೆನೆ ಬಿಡುವ, ರೊಟ್ಟಿಗೆ ಬರುವ ಯಾವುದೇ ಧಾನ್ಯ. ಹಳೆಯ ಕರಡಿನಲ್ಲಿ ಮೆಕ್ಕೆಜೋಳ ಎಂದಿತ್ತು. ಟಿಪ್ಪು ಕಾಲದ ಮೈಸೂರು ಸೀಮೆಯ ಹೊಲದ ತುಂಬ ಮೆಕ್ಕೆಜೋಳ ಬೆಳೆದರೆ ಓದುವವರು ಏನು ತಿಳಿಯಬೇಕು?

ಇಷ್ಟಕ್ಕೇ ಗೆದ್ದೆ ಅನ್ನುವಂತಿಲ್ಲ. ಜಾನ್ಸನ್ ಹಿಂದೆ ನೋಡಿ ಬರೆದವರು. ಉದಾಹರಣೆಗೆ ಕೊಟ್ಟ ಲಕ್ಷಕ್ಕೂ ಹೆಚ್ಚು ವಾಕ್ಯಗಳಲ್ಲಿ ಬಹುಪಾಲು ಅವರಿಗಿಂತ ಹಿಂದಿನವರದು. ಬದುಕಿದ್ದ ಲೇಖಕರನ್ನು ಆದಷ್ಟು ದೂರ ಇಟ್ಟಿದ್ದರು. 'ಕ್ಯಾಂಡಿಡ್'ಗೆ (ನಮಗೆ ಮುಚ್ಚುಮರೆಯಿಲ್ಲದ ಎಂದರ್ಥ) ಮೊದಲ ಅರ್ಥ ಬಿಳಿ ಎಂದು ಕೊಟ್ಟು, ಇದು ತುಂಬಾ ಅಪರೂಪ ಎಂದು ಅವರೇ ಸೇರಿಸಿದ್ದಾರೆ. 1800ರ ಪತ್ರಕ್ಕೆ ಅದನ್ನು ಹಚ್ಚಿದರೆ ಕೆಟ್ಟಿತು. ಹಾಗಾಗಿ ಪ್ರತಿ ಅನುಮಾನದ ಪದವನ್ನು ಅಮೆರಿಕದ ವೆಬ್‌ಸ್ಟರ್‌ನ 1828ರ ಡಿಕ್ಷನರಿಯಲ್ಲೂ ನೋಡುತ್ತಿದ್ದೆ. ಇಬ್ಬರೂ ಒಪ್ಪಿದರೆ ಮುಂದಕ್ಕೆ. ಒಪ್ಪದಿದ್ದರೆ ಆಕ್ಸ್‌ಫರ್ಡ್ ದೊಡ್ಡ ಡಿಕ್ಷನರಿ. ಅದರಲ್ಲಿ ಯಾವ ಅರ್ಥ ಯಾವ ವರ್ಷದ ಬರಹದಲ್ಲಿ ಇತ್ತು ಎಂಬುದು ವಾಕ್ಯಸಮೇತ ಸಿಗುತ್ತದೆ.

ದುಡ್ಡಿನ ವಿಷಯಕ್ಕೆ ಬರೋಣ. ಅಂದು ನಾಲ್ಕೂವರೆ ಪೌಂಡ್ ಬೆಲೆಯಿದ್ದ ಜಾನ್ಸನ್ ಇಂದು ಸ್ಕ್ಯಾನ್ ರೂಪದಲ್ಲಿ ಪುಕ್ಕಟೆ. ಆದರೂ ಆ ಸ್ಕ್ಯಾನ್‌ನಲ್ಲಿ ಹುಡುಕಾಟ ನೆಟ್ಟಗಾಗಲ್ಲ. ಆ ಕಾಲದ ಅಚ್ಚಿನಲ್ಲಿ 'ಎಸ್' ಉದ್ದಕ್ಕೆ, ಥೇಟ್ 'ಎಫ್' ಥರ ಇದೆ. ಕಂಪ್ಯೂಟರ್ ಅದನ್ನು 'ಎಫ್' ಅಂತಲೇ ಓದುತ್ತದೆ. 'ಸೇಮ್' ಬೇಕಾದರೆ 'ಫೇಮ್' ಎಂದು ಹುಡುಕಬೇಕು. ಐ ಮತ್ತು ಜೆಯಿಂದ ಶುರುವಾಗುವ ಪದಗಳು ಒಂದೇ ಅಕ್ಷರದಡಿ ಬೆರೆತಿವೆ, ಯು ಮತ್ತು ವಿ ಕೂಡ. ಒಬ್ಬ ಹುಡುಗನಿಗೆ ಆರೇಳು ಸಾವಿರ ಕೊಟ್ಟು ಅಕ್ಷರ ಸರಿಮಾಡಿಸಲು ನೋಡಿದೆ. ಅಕ್ಷರ 'ಎ' ದಾಟಲಿಲ್ಲ, ದುಡ್ಡು ಹೋಯಿತು. ಕೊನೆಗೆ ಫೋಟೋ ಪ್ರತಿಯ ಮರುಮುದ್ರಣವನ್ನೇ ಹಳೆ ಪುಸ್ತಕದವರಿಂದ ತರಿಸಿದೆ, ಸಾಗಣೆ ಸೇರಿ ಹದಿನೈದು ಸಾವಿರದ ಆಸುಪಾಸು. ಪುಟ ತಿರುವಿ ಹುಡುಕುವುದೇ ಬೇಗ ಆಯಿತು. ಪುಟಕ್ಕೆ ಇನ್ನೂರು ರೂಪಾಯಿಯ ಕೆಲಸಕ್ಕೆ ಇದು ಭಾರವೇ. ಆದರೆ ಮುಂದಿನ ಕೆಲಸಕ್ಕೆ ಮುನ್ನೂರೈವತ್ತು ಕೇಳಿದೆ, ಮರುಮಾತಿಲ್ಲದೆ ಕೊಟ್ಟರು.

ನನಗೆ ಹೆಚ್ಚು ಹೆಮ್ಮೆಯಿರುವುದು ಇನ್ನೊಂದು ಹೆಜ್ಜೆಯ ಬಗ್ಗೆ. ಇಂಗ್ಲಿಷ್ ಅರ್ಥ ಸಿಕ್ಕ ಮೇಲೆ ಆ ಕಾಲಕ್ಕೆ ಹೊಂದುವ ಕನ್ನಡ ಪದ ಬೇಕಲ್ವಾ? ಬಳ್ಳಾರಿಯಲ್ಲಿದ್ದ ಮಿಷನರಿ ವಿಲಿಯಂ ರೀವ್ ಮಾಡಿದ ಇಂಗ್ಲಿಷ್-ಕರ್ನಾಟಕ (ಅಂದರೆ ಇಂಗ್ಲಿಷ್-ಕನ್ನಡ) ನಿಘಂಟು 1824ರದು. ಪತ್ರಗಳಿಗೂ ಅದಕ್ಕೂ ಬರೀ ಎರಡು ಮೂರು ದಶಕದ ಅಂತರ. ಆಗಿನ ಇಂಗ್ಲಿಷಿಗೆ ಆಗಿನ ಕನ್ನಡ! ಕಂದಾಯ, ಕಚೇರಿ, ದಂಡಿನ ಪದಗಳಿಗೆ ಅದನ್ನು ನೋಡಿದ ಮೇಲೆ ಈಗಿನ ಸರ್ಕಾರಿ ಕನ್ನಡದ ವಾಸನೆ ಹೋಯಿತು.

ಮಧ್ಯೆ ಕನ್ನಡದ ಮೇಲೂ ಇದೇ ಪ್ರಯೋಗ ಮಾಡಿದೆ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಹಿಡಿದು ಹಳೆಯ ಪದ್ಯಗಳನ್ನು ಓದಿದೆ. ಹಳೆಯ ಬರಹದಲ್ಲಿ 'ಅವಸರ' ಅಂದರೆ ಸಮಯ, ಸಂದರ್ಭ. ನಮಗೆ ಗಡಿಬಿಡಿ. ಇದೇ ರೀತಿ ಜಾರಿದ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ, ಅರ್ಧ ತುಂಬಿದೆ.

ಕೆಲಸ ಶುರುಮಾಡುವ ಮೊದಲೇ ಪತ್ರದಲ್ಲಿ ಗುರುತು ಹಾಕಿಕೊಳ್ಳುವ ಅನುಮಾನದ ಪದಗಳ ಪಟ್ಟಿ ನನ್ನದೊಂದಿದೆ, ಸುಮಾರು ನೂರೈವತ್ತು. ಮೇಲೆ ನಾಲ್ಕೈದು ಕೊಟ್ಟಿದ್ದೇನೆ. ಉಳಿದದ್ದು ನನ್ನ ಹೊಟ್ಟೆಪಾಡು, ಕೇಳಬೇಡಿ. ಜಾನ್ಸನ್ ಕೊಳ್ಳುವವರು ಮಾತ್ರ ಯಾವ ಮುದ್ರಣ ಎಂದು ನೋಡಿ ಕೊಳ್ಳಿ. 1773ರ ನಾಲ್ಕನೆಯದು ಅವರೇ ತಿದ್ದಿದ್ದು. 1818ರದು ಟಾಡ್ ಎಂಬ ಸಂಪಾದಕರು ಹೊಸ ಪದ ಸೇರಿಸಿ ಬೆಳೆಸಿದ್ದು, ಕಂಪನಿಯ ಕೊನೆಕೊನೆಯ ಕಾಗದಗಳಿಗೆ ನಾನು ಈಗ ಅದನ್ನೇ ಇಟ್ಟುಕೊಂಡಿದ್ದೇನೆ.